ಗೌರಿ ಹೂವಿನ ಗೆಡ್ಡೆ ಗೌಟ್‌ಗೆ ಕೊಡಬಹುದಾ?

ಬೇಲಿಮನೆ, ಸಾಗರ:
ಬೇಲಿ ತುಂಬ ಗೌರಿ ಹೂವು ಬಿಟ್ಟಿದೆ. ಬುಡ ಹಳದಿ, ತುದಿ ಕೆಂಪು, ಎಸಳೆಲ್ಲ ಮೇಲಕ್ಕೆ ಮಡಚಿಕೊಂಡಿರುತ್ತದಲ್ಲ, ಅದೇ. ಅಪ್ಪನಿಗೆ ಗೌಟ್, ಕೀಲು ಊದಿ ನೋಯುವ ಕಾಯಿಲೆ. ಕಾಲಿನ ಹೆಬ್ಬೆರಳು ಊದಿ ರಾತ್ರಿ ನಿದ್ದೆಯಿಲ್ಲ. ಪರಿಚಯದವರೊಬ್ಬರು ಇದರ ಗೆಡ್ಡೆ ತೇಯ್ದು ಹಾಲಲ್ಲಿ ಕುಡಿಸಿ, ಇಂಗ್ಲಿಷ್ ಮಾತ್ರೆಯೂ ಇದರದ್ದೇ ಅಂದರು. ಅಪ್ಪ ಆಗಲೇ ಗೆಡ್ಡೆ ಕಿತ್ತು ತಂದಿಟ್ಟಿದ್ದಾರೆ. ಕೊಡಬಹುದಾ?

ಔಷಧಿ ಅಂಗಡಿಯವ, ಶಿರಸಿ:
ದಯವಿಟ್ಟು ಬೇಡ ಅಕ್ಕ. ಮೊದಲು ಅದನ್ನು ಅಡುಗೆಮನೆಯಿಂದ ಆಚೆ ಹಾಕಿ. ಗೆಣಸು ಅಂದುಕೊಂಡು ಬೇಯಿಸಿ ತಿಂದು ಸತ್ತವರಿದ್ದಾರೆ. ಬೇಯಿಸಿದರೂ ವಿಷ ಹೋಗುವುದಿಲ್ಲ.

ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅದೇ ಅಪಾಯ. ಗೆಡ್ಡೆ, ಬೀಜ ಎರಡರಲ್ಲೂ ಕಾಲ್ಚಿಸಿನ್ ಅನ್ನುವ ವಿಷ ಇದೆ. ತಮಿಳುನಾಡಿನಲ್ಲಿ ಬೀಜಕ್ಕಾಗಿಯೇ ಇದನ್ನು ಹೊಲದಲ್ಲಿ ಬೆಳೆಯುತ್ತಾರೆ. ಅಳತೆ ಮೀರದಿದ್ದರೆ ಗೌಟ್‌ಗೆ ಅದೇ ಕಾಲ್ಚಿಸಿನ್ ಒಳ್ಳೆಯ ಔಷಧಿಯೇ. ಆದರೆ ಒಂದು ಮಾತ್ರೆಯಲ್ಲಿ ಇರುವುದು ಬರೀ ಅರ್ಧ ಮಿಲಿಗ್ರಾಂ. ತೇಯ್ದ ಗಂಧದಲ್ಲಿ ಎಷ್ಟಿದೆ ಅಂತ ನೋಡಿ ಹೇಳೋಕೆ ಯಾರಿಂದಲೂ ಆಗಲ್ಲ. ಗೆಡ್ಡೆಯಿಂದ ಗೆಡ್ಡೆಗೆ ಬೇರೆಯಾಗುತ್ತದೆ. ಡಾಕ್ಟರ ಚೀಟಿ ಇದ್ದರೂ ಕಿಡ್ನಿ ತೊಂದರೆ ಇದೆಯಾ, ಕ್ಲಾರಿಥ್ರೊಮೈಸಿನ್ ಅನ್ನುವ ಆ್ಯಂಟಿಬಯೋಟಿಕ್ ತಗೊಳ್ತಿದ್ದೀರಾ ಅಂತ ಕೇಳದೆ ನಾನು ಆ ಮಾತ್ರೆ ಕೊಡುವುದಿಲ್ಲ.

ಹೂವನ್ನು ಹಬ್ಬಕ್ಕೆ ಧಾರಾಳವಾಗಿ ಏರಿಸಿ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಬಾಯಿಗೆ ಹೋಗದ ಹಾಗೆ ನೋಡಿಕೊಳ್ಳಿ.

ಆಯುರ್ವೇದ ಓದುತ್ತಿರುವವಳು:
ನಮ್ಮ ಪುಸ್ತಕಗಳಲ್ಲಿ ಇದು ಲಾಂಗಲಿ, ಉಪವಿಷಗಳ ಸಾಲಿನಲ್ಲಿದೆ. ಗೋಮೂತ್ರದಲ್ಲಿ ನೆನೆಸಿ ಶೋಧನೆ, ಅಂದರೆ ವಿಷ ತಗ್ಗಿಸುವ ಶುದ್ಧಿ, ಮಾಡದೆ ಬಳಸುವಂತಿಲ್ಲ. ಅದು ಮನೆಯಲ್ಲಿ ಮಾಡುವ ಕೆಲಸವೂ ಅಲ್ಲ. ಬಸುರಿಯರಿಗಂತೂ ಕೊಡಲೇಬಾರದು, ಗರ್ಭ ಇಳಿಯುತ್ತದೆ ಅಂತ ಹಿಂದಿನವರೇ ಎಚ್ಚರಿಸಿದ್ದಾರೆ.

ಬೇಲಿಮನೆ, ಸಾಗರ:
ಈಗ ಕೇಳಿದರೆ ಅಪ್ಪ ಬೆಳಿಗ್ಗೆಯೇ ಸ್ವಲ್ಪ ತೇಯ್ದು ಕುಡಿದಿದ್ದಾರಂತೆ! ಎರಡು ಗಂಟೆ ಆಯ್ತು, ಆರಾಮಾಗಿದ್ದಾರೆ. ಪರವಾಗಿಲ್ಲ ಅಲ್ವಾ?

ಔಷಧಿ ಅಂಗಡಿಯವ, ಶಿರಸಿ:
ಪರವಾಗಿಲ್ಲ ಅಂತ ಕೂರಬೇಡಿ. ಮೊದಲ ಕೆಲವು ಗಂಟೆ ಏನೂ ಗೊತ್ತಾಗದೆ ಇರಬಹುದು. ಆಮೇಲೆ ವಾಂತಿ, ಭೇದಿ ಹಿಡಿಯುತ್ತದೆ. ಅದು ನಿಂತಿತು ಅನ್ನುವಾಗ ರಕ್ತಕಣ ಕುಸಿಯುತ್ತದೆ. ಹಾವಿನ ವಿಷಕ್ಕೆ ಇರುವಂಥ ಇಂಜೆಕ್ಷನ್ ಇದಕ್ಕೆ ಇಲ್ಲ, ಅದಕ್ಕೇ ಬೇಗ ಹೋಗಬೇಕು. 108ಕ್ಕೆ ಫೋನ್ ಮಾಡಿ, ಅಥವಾ ಗಾಡಿ ಇದ್ದರೆ ಈಗಲೇ ಹೊರಡಿ. ಮನೆಯಲ್ಲಿ ವಾಂತಿ ಮಾಡಿಸಲು ಹೋಗಬೇಡಿ. ಉಳಿದ ಗೆಡ್ಡೆಯನ್ನು ಕವರಿನಲ್ಲಿ ಹಾಕಿ ಡಾಕ್ಟರಿಗೆ ತೋರಿಸಿ. ಅಪ್ಪ ಗೌಟ್‌ಗೆ ನುಂಗುತ್ತಿರುವ ಮಾತ್ರೆ ಚೀಟಿಯನ್ನೂ ಮರೆಯಬೇಡಿ. ಅದೂ ಕಾಲ್ಚಿಸಿನ್ನೇ ಆಗಿದ್ದರೆ ಎರಡೂ ಸೇರಿ ಹೋಗಿರುತ್ತದೆ.

ಬೇಲಿಮನೆ, ಸಾಗರ:
ಗಾಡಿ ತೆಗೆದಾಯ್ತು. ಚೀಟಿ, ಗೆಡ್ಡೆ ಎರಡೂ ಇಟ್ಟುಕೊಂಡಿದ್ದೇನೆ.