ಸಹಾಯ ಬೇಕು: ಕುಂಪಾನಿಸ್ ಕಾಲಪಟ್ಟಿ, 1936ರ ಜುಲೈ ಸಾಲು

ಸ್ಪೇನ್ ಅಂತರ್ಯುದ್ಧದ ಹೊತ್ತಲ್ಲಿ ಕ್ಯಾಟಲೋನಿಯಾ ಪ್ರಾಂತ್ಯದ ಅಧ್ಯಕ್ಷರಾಗಿದ್ದ ಲ್ಯೂಯಿಸ್ ಕುಂಪಾನಿಸ್ ಕಾಲಪಟ್ಟಿ ಕನ್ನಡದಲ್ಲಿ ಮಾಡ್ತಿದ್ದೀನಿ. 1934ರ ಅಕ್ಟೋಬರ್ 6ರ ಕ್ಯಾಟಲನ್ ರಾಜ್ಯದ ಘೋಷಣೆ, ಜೈಲು, 1936ರ ಫೆಬ್ರವರಿಯ ಬಿಡುಗಡೆ ಎಲ್ಲ ಸಲೀಸು. ಕೊನೆಯ ಸಾಲೂ ಅಷ್ಟೇ: 1940ರ ಅಕ್ಟೋಬರ್ 15, ಬಾರ್ಸಿಲೋನಾದ ಮೊಂಜುಯಿಕ್ ಕೋಟೆಯಲ್ಲಿ ಫ್ರಾಂಕೋ ಆಡಳಿತ ಅವರಿಗೆ ಗುಂಡಿಕ್ಕಿದ್ದು.

ತೊಡಕು "ಅಧಿಕಾರ ಯಾರದು" ಅನ್ನೋ ಕಾಲಂನಲ್ಲಿ. ಬಾರ್ಸಿಲೋನಾದಲ್ಲಿ ಗಣರಾಜ್ಯದ ವಿರುದ್ಧದ ಸೇನಾ ದಂಗೆ ಸೋತಾಗ ಬಹುಪಾಲು ಬಂದೂಕು ಸಿಎನ್‌ಟಿ ಅನ್ನೋ ಅರಾಜಕತಾವಾದಿ ಕಾರ್ಮಿಕ ಸಂಘದವರ ಕೈಲಿತ್ತು. ಜುಲೈ 21ಕ್ಕೆ ಮಿಲಿಷಿಯಾ (ಸಶಸ್ತ್ರ ನಾಗರಿಕ ಪಡೆ) ಕೇಂದ್ರ ಸಮಿತಿ ಹುಟ್ಟಿತು. ಕುಂಪಾನಿಸ್ ಕುರ್ಚಿ ಬಿಡಲಿಲ್ಲ, ಆದರೆ ಬೀದಿಯ ಗಸ್ತು, ಪಕ್ಕದ ಅರಗಾನ್ ಯುದ್ಧರಂಗಕ್ಕೆ ಹೊರಟ ತುಕಡಿ ಎಲ್ಲ ಸಮಿತಿಯದೇ. ಸೆಪ್ಟೆಂಬರ್ ಕೊನೆಗೆ ಸಿಎನ್‌ಟಿ ಕ್ಯಾಟಲನ್ ಸರ್ಕಾರ ಸೇರಿದ ಮೇಲೆ ಸಮಿತಿ ವಿಸರ್ಜನೆಯಾಯ್ತು.

ಆ ಸಾಲಲ್ಲಿ ಕುಂಪಾನಿಸ್ ಒಬ್ಬರ ಹೆಸರು ಹಾಕಿದರೆ ಗಸ್ತು ಪಡೆಯ ಕೊಲೆಗಳೂ ಅವರ ಆದೇಶ ಅನ್ನಿಸುತ್ತೆ. ಸಮಿತಿ ಹೆಸರೊಂದೇ ಹಾಕಿದರೆ ಅವರ ಪದಚ್ಯುತಿ ಆದಂಗೆ. "ಕಾನೂನು", "ವಾಸ್ತವ" ಅಂತ ಎರಡು ಕಾಲಂ ಮಾಡಿ ನೋಡಿದೆ. 1937ರ ಮೇನಲ್ಲಿ ಸ್ಪೇನ್‌ನ ಕೇಂದ್ರ ಗಣರಾಜ್ಯ ಸರ್ಕಾರವೇ ಕ್ಯಾಟಲೋನಿಯಾದಿಂದ ಪೊಲೀಸ್ ಹೊಣೆ ಕಿತ್ತುಕೊಂಡಾಗ ಅದೂ ಕೆಡುತ್ತೆ.

ಜುಲೈ 21ರಿಂದ ಸೆಪ್ಟೆಂಬರ್ ಕೊನೆವರೆಗಿನ ಸಾಲಲ್ಲಿ ಯಾರ ಹೆಸರು ಹಾಕಲಿ, ಯಾಕೆ?