ಟಿಎಂಟಿ ಮಿಲ್ಲಿನ ಯಾವ ಸ್ಟ್ಯಾಂಡಿಗೆ ಯಾವ ಬೀಡಿನ ರೋಲ್?

ಪ್ರಶ್ನೆ (ಮಿಲ್ ಮೇಲ್ವಿಚಾರಕ, ಕೊಪ್ಪಳ)

ಎಲ್ಲರಿಗೂ ನಮಸ್ಕಾರ. ನಮ್ಮದು 100 ಮಿ.ಮೀ. ಚೌಕದ ಬಿಲ್ಲೆಟ್ಟಿನಿಂದ (ಉಕ್ಕಿನ ಉದ್ದನೆಯ ಗಟ್ಟಿಯಿಂದ) 8ರಿಂದ 20 ಮಿ.ಮೀ. ವರೆಗಿನ, ಕಟ್ಟಡಕ್ಕೆ ಬಳಸುವ ಟಿಎಂಟಿ ಸರಳು ತೆಗೆಯುವ ರೀ-ರೋಲಿಂಗ್ ಮಿಲ್. ಬಿಲ್ಲೆಟ್ಟನ್ನು ಒತ್ತುವ ರೋಲುಗಳು ಕುಳಿತಿರುವ ಚೌಕಟ್ಟುಗಳ (ಸ್ಟ್ಯಾಂಡುಗಳ) ಪೈಕಿ ಮೊದಲ ಹಂತದ ರಫಿಂಗ್ ಸ್ಟ್ಯಾಂಡಿನಲ್ಲಿ 450 ಮಿ.ಮೀ., ಇಂಟರ್‌ಮೀಡಿಯೆಟ್ ಸ್ಟ್ಯಾಂಡುಗಳಲ್ಲಿ 350 ಮಿ.ಮೀ., ಫಿನಿಶಿಂಗ್‌ನಲ್ಲಿ 280 ಮಿ.ಮೀ. ವ್ಯಾಸದ ರೋಲುಗಳಿವೆ. ಈವರೆಗೆ ಖರೀದಿ ವಿಭಾಗದವರು ಮೂರು ಕಡೆಗೂ ಒಂದೇ ಜಾತಿಯ ಚಿಲ್ಡ್ ಬೀಡಿನ (ಮೇಲ್ಮೈ ತಟ್ಟನೆ ತಣಿಸಿ ಗಡಸು ಮಾಡಿದ ಎರಕದ ಕಬ್ಬಿಣದ) ರೋಲುಗಳನ್ನು ತರಿಸುತ್ತಿದ್ದಾರೆ. ಆರ್ಡರಿನಲ್ಲಿ ಬರೆಯುವುದು ವ್ಯಾಸ, ಉದ್ದ ಮತ್ತು "ಗಡಸುತನ 65ರಿಂದ 70 ಶೋರ್" ಎಂಬಿಷ್ಟೇ (ಶೋರ್ ಎಂದರೆ ಗಡಸುತನದ ಅಳತೆ).

ಈಗ ಎದುರಾಗಿರುವ ತೊಂದರೆಗಳು ಹೀಗಿವೆ. ರಫಿಂಗ್‌ನ ಮೊದಲ ಪಾಸಿನಲ್ಲಿ (ರೋಲುಗಳ ನಡುವೆ ಒಮ್ಮೆ ಹಾಯುವಾಗ) 30 ಮಿ.ಮೀ. ಡ್ರಾಫ್ಟ್ (ದಪ್ಪ ತಗ್ಗಿಸುವ ಪ್ರಮಾಣ) ಇಟ್ಟಿದ್ದೇವೆ, ರೋಲ್ ಬಿಲ್ಲೆಟ್ಟನ್ನು ಸರಿಯಾಗಿ ಹಿಡಿಯುವುದಿಲ್ಲ, ಹಿಂದಿನಿಂದ ತಳ್ಳಿದರೂ ಜಾರುತ್ತದೆ. ಅದೇ ಸ್ಟ್ಯಾಂಡಿನ ಒಂದು ರೋಲ್ ಇತ್ತೀಚೆಗೆ 30 ಮಿ.ಮೀ. ಆಳದ ಗ್ರೂವಿನ (ರೋಲಿನ ಸುತ್ತಲೂ ಕೊರೆದ ತೋಡಿನ) ತಳದಲ್ಲಿಯೇ ಎರಡು ತುಂಡಾಯಿತು. ಇನ್ನು ಫಿನಿಶಿಂಗ್‌ನಲ್ಲಿ ರೋಲ್ ಮುರಿಯುವುದಿಲ್ಲವಾದರೂ ಸರಳಿನ ಮೇಲೆ ರಿಬ್ (ಉಬ್ಬು ಗೆರೆ) ಮೂಡಿಸಲು ರೋಲಿನಲ್ಲಿ ಕೊರೆದ ನಾಚ್‌ಗಳ ಅಂಚು ಬೇಗನೆ ಉದುರುತ್ತದೆ. ಸರಬರಾಜುದಾರರು ಗಡಸುತನವನ್ನು ಇನ್ನೂ ಐದು ಶೋರ್ ಹೆಚ್ಚಿಸಿದರೆ ಎಲ್ಲವೂ ಸರಿಹೋಗುತ್ತದೆ ಎನ್ನುತ್ತಾರೆ. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ, ಆದರೆ ಬದಲಾಗಿ ಏನು ಕೇಳಬೇಕೆಂಬುದೂ ಸ್ಪಷ್ಟವಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ (ಫೌಂಡ್ರಿ ಎಂಜಿನಿಯರ್, ಬೆಳಗಾವಿ)

ನಿಮ್ಮ ಅನುಮಾನ ಸರಿಯಾಗಿದೆ, ಗಡಸುತನ ಹೆಚ್ಚಿಸಿದರೆ ಮೊದಲೆರಡು ತೊಂದರೆಗಳು ಇನ್ನಷ್ಟು ಕೆಡುತ್ತವೆ. ರೋಲ್ ಆರಿಸುವಾಗ ಮೊದಲು ಕೇಳಿಕೊಳ್ಳಬೇಕಾದದ್ದು ಆ ಸ್ಟ್ಯಾಂಡಿನಲ್ಲಿ ರೋಲ್ ಯಾವ ಕಾರಣದಿಂದ ಹಾಳಾಗುತ್ತಿದೆ ಎಂಬುದನ್ನು. ಮುರಿದು ಹೋಗುತ್ತಿದೆಯೋ, ಫೈರ್ ಕ್ರ್ಯಾಕ್ (ಮತ್ತೆ ಮತ್ತೆ ಕಾದು ತಣಿದು ಮೂಡುವ ಬಿರುಕು) ಬಂದು ಹೋಗುತ್ತಿದೆಯೋ, ಬರೀ ಸವೆದು ಹೋಗುತ್ತಿದೆಯೋ ಎಂಬುದು ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ಬೇರೆಯಾಗುವುದರಿಂದ ಮೂರೂ ಕಡೆಗೆ ಒಂದೇ ಬೀಡು ಹೊಂದುವುದಿಲ್ಲ.

ರೋಲ್ ಮುರಿದದ್ದಕ್ಕೆ ಮೊದಲು ಬರುತ್ತೇನೆ. ಚಿಲ್ಡ್ ರೋಲನ್ನು ಲೋಹದ ದಪ್ಪ ಅಚ್ಚಿನಲ್ಲಿ ಎರೆಯುತ್ತಾರೆ. ಅಚ್ಚಿಗೆ ತಾಗಿದ ಹೊರಪದರ ತಟ್ಟನೆ ತಣಿಯುವುದರಿಂದ ಅಲ್ಲಿನ ಇಂಗಾಲ ಗ್ರಾಫೈಟ್ ಆಗಿ ಹೊರಬೀಳಲು ಸಮಯ ಸಿಗದೆ ಕಬ್ಬಿಣದ ಕಾರ್ಬೈಡ್ ಆಗಿಯೇ ಉಳಿಯುತ್ತದೆ. ಗಾಜಿನಂತೆ ಗಡಸಾದ ಬಿಳಿ ಬೀಡು ಹುಟ್ಟುವುದು ಹೀಗೆ. ಒಳಗೆ ಹೋದಂತೆ ತಣಿಯುವ ವೇಗ ಕಡಿಮೆಯಾಗಿ, ಬಿಳಿ ಮತ್ತು ಬೂದು ಬೆರೆತ ಪದರ ದಾಟಿದ ಮೇಲೆ ಗ್ರಾಫೈಟ್ ಹಾಳೆಗಳಿಂದ ತುಂಬಿದ ಮೆತ್ತನೆಯ ಬೂದು ಬೀಡು ಸಿಗುತ್ತದೆ. ನಿಮ್ಮ ಸರ್ಟಿಫಿಕೇಟಿನಲ್ಲಿರುವ 65 ಶೋರ್ ಬ್ಯಾರೆಲ್ಲಿನ (ರೋಲಿನ ದಪ್ಪ ನಡುಭಾಗದ) ಮೇಲ್ಮೈಯದು. ನೀವು 30 ಮಿ.ಮೀ. ಆಳಕ್ಕೆ ಗ್ರೂವ್ ಕೊರೆದಾಗ ಆ ಗಡಸು ಪದರವನ್ನು ಲೇತಿನಲ್ಲಿಯೇ ತೆಗೆದುಹಾಕಿರುತ್ತೀರಿ, ಬಿಸಿ ಬಿಲ್ಲೆಟ್ ಮೈಯೊರಸುವುದು ಅದರ ಕೆಳಗಿನ ದುರ್ಬಲ ಬೀಡಿಗೆ. ಹಾಳೆಯಾಕಾರದ ಗ್ರಾಫೈಟಿನ ಪ್ರತಿಯೊಂದು ಮೊನೆಯೂ ಬಿರುಕಿಗೆ ತಯಾರಾಗಿ ನಿಂತ ಜಾಗ. ಬಾಗುವ ಒತ್ತಡ ಹೆಚ್ಚಿರುವ ಗ್ರೂವಿನ ಮೂಲೆಯಲ್ಲಿ ಅದು ಸೀಳಿದ್ದರಲ್ಲಿ ಆಶ್ಚರ್ಯವಿಲ್ಲ. ಇಂಥ ಚಿಲ್ಡ್ (ಕ್ಲಿಯರ್ ಚಿಲ್) ರೋಲ್ ಒಳ್ಳೆಯ ವಸ್ತುವೇ, ಆದರೆ ಅದರ ಜಾಗ ಗ್ರೂವ್ ಇಲ್ಲದ ಅಥವಾ ತೀರಾ ತೆಳು ಗ್ರೂವಿನ ಕೆಲಸ.

ಇನ್ನು ಹಿಡಿತದ ವಿಷಯ. ರೋಲಿಂಗ್‌ನಲ್ಲಿ ಬಳಸುವ ಎಕೆಲುಂಡ್ ಸೂತ್ರದ ಪ್ರಕಾರ ಬಿಲ್ಲೆಟ್ಟಿನ ತಾಪಮಾನವನ್ನು 0.0005ರಿಂದ ಗುಣಿಸಿ 1.05ರಲ್ಲಿ ಕಳೆದರೆ ಉಕ್ಕಿನ ರೋಲಿನ ಘರ್ಷಣಾಂಕ ಸಿಗುತ್ತದೆ. ಚಿಲ್ಡ್ ಬೀಡಿನ ರೋಲಾದರೆ ಅದನ್ನು ಮತ್ತೆ 0.8ರಿಂದ ಗುಣಿಸಬೇಕು. 1150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಕ್ಕಿಗೆ 0.475, ಬೀಡಿಗೆ 0.38 ಬರುತ್ತದೆ. ನಿಮ್ಮ ರೋಲಿನ ವ್ಯಾಸ 450 ಆದರೂ ಗ್ರೂವಿನ ತಳದಲ್ಲಿ ಕೆಲಸ ಮಾಡುವ ವ್ಯಾಸ 390 ಮಾತ್ರ. ಆ ವ್ಯಾಸಕ್ಕೆ ಲೆಕ್ಕ ಹಾಕಿದರೆ ತಳ್ಳದೆ ತಾನಾಗಿ ಹಿಡಿಯಬಲ್ಲ ಗರಿಷ್ಠ ಡ್ರಾಫ್ಟ್ ಉಕ್ಕಿನ ರೋಲಿಗೆ ಸುಮಾರು 38 ಮಿ.ಮೀ., ಚಿಲ್ಡ್ ಬೀಡಿನ ರೋಲಿಗೆ ಸುಮಾರು 25 ಮಿ.ಮೀ. ನಿಮ್ಮ 30 ಮಿ.ಮೀ. ಇವೆರಡರ ನಡುವೆ ಬಂದು ಕುಳಿತಿದೆ. ಜಾರಿದಾಗ ಫರ್ನೇಸಿನ ಬಿಸಿ ಏರಿಸುವ ರೂಢಿ ಹಲವು ಮಿಲ್ಲುಗಳಲ್ಲಿದೆ. ಬಿಸಿ ಏರಿದಷ್ಟೂ ಘರ್ಷಣೆ ಇಳಿಯುತ್ತದೆ ಎಂಬುದನ್ನು ಇದೇ ಸೂತ್ರ ಹೇಳುವುದರಿಂದ ಅದು ತಲೆಕೆಳಗಾದ ಉಪಾಯ. ರೋಲನ್ನು ಲೇತಿನಲ್ಲಿ ಮತ್ತೆ ಮತ್ತೆ ಟರ್ನ್ ಮಾಡಿ ವ್ಯಾಸ ಇಳಿದಂತೆ ಈ ಮಿತಿಯೂ ಇಳಿಯುತ್ತದೆ ಎಂಬುದನ್ನು ಪಾಸ್ ಡಿಸೈನ್ ಮಾಡುವವರು ನೆನಪಿಡಬೇಕು.

ಆದ್ದರಿಂದ ರಫಿಂಗ್‌ಗೆ ನನ್ನ ಆಯ್ಕೆ ಅಡಮೈಟ್. ಅದು ಉಕ್ಕಿಗೂ ಬೀಡಿಗೂ ನಡುವಿನದು, ಇಂಗಾಲ ಸುಮಾರು ಶೇ. 1.4ರಿಂದ 2.3. ಗಡಸುತನ ಮೇಲಿನಿಂದ ಒಳಗಿನವರೆಗೆ ಹೆಚ್ಚು ಇಳಿಯುವುದಿಲ್ಲವಾದ್ದರಿಂದ ಎಷ್ಟು ಆಳಕ್ಕೆ ಗ್ರೂವ್ ಕೊರೆದರೂ ತಳದಲ್ಲಿ ಅದೇ ಲೋಹ ಸಿಗುತ್ತದೆ, ಹಿಡಿತವೂ ಉಕ್ಕಿಗೆ ಹತ್ತಿರ. ಹಣದ ಅಡಚಣೆಯಿದ್ದರೆ, ಗ್ರಾಫೈಟ್ ಹಾಳೆಯ ಬದಲು ಗೋಲಿಯಾಗಿರುವ ಮತ್ತು ಲೋಹದಲ್ಲಿ ಪರ್ಲೈಟ್ ಎಂಬ ಪದರು ರಚನೆಯಿರುವ ಪರ್ಲೈಟಿಕ್ ಎಸ್‌.ಜಿ. ಬೀಡನ್ನು 45ರಿಂದ 50 ಶೋರ್‌ನಲ್ಲಿ ತೆಗೆದುಕೊಂಡು ಮೊದಲ ಪಾಸಿನ ಡ್ರಾಫ್ಟನ್ನು 25ಕ್ಕೆ ಇಳಿಸಿ. ಇಂಟರ್‌ಮೀಡಿಯೆಟ್‌ಗೆ ಪರ್ಲೈಟಿಕ್ ಎಸ್‌.ಜಿ., 55ರಿಂದ 60. ಫಿನಿಶಿಂಗ್‌ಗೆ ಸೂಜಿಯಾಕಾರದ ರಚನೆಯ ಅಸಿಕ್ಯುಲರ್ ಎಸ್‌.ಜಿ., 65ರಿಂದ 70.

ಉತ್ತರ (ರೋಲ್ ಟರ್ನರ್, ಹೊಸಪೇಟೆ)

ಎಂಜಿನಿಯರ್ ಸಾಹೇಬರು ಹೇಳಿದ ಪದರದ ವಿಷಯವನ್ನು ಲೇತಿನ ಬಳಿ ನಿಂತರೆ ಕಣ್ಣಿನಿಂದಲೇ ನೋಡಬಹುದು. ಚಿಲ್ಡ್ ರೋಲಿನಲ್ಲಿ ಗ್ರೂವ್ ಇಳಿಸಲು ಶುರುಮಾಡಿದಾಗ ಟೂಲ್ ಕಿರುಗುಟ್ಟುತ್ತದೆ, ಉದುರುವುದು ಹೊಳೆಯುವ ಸಣ್ಣ ಸಣ್ಣ ಸೂಜಿಯಂಥ ಚೂರು. ಒಳಗಿಳಿದಂತೆ ಸದ್ದು ಮೆತ್ತಗಾಗುತ್ತದೆ, ಚೂರು ಕಪ್ಪು ಪುಡಿಯಾಗುತ್ತದೆ, ಬೆರಳಲ್ಲಿ ಹಿಡಿದು ತಿಕ್ಕಿದರೆ ಮಸಿ ಹತ್ತುತ್ತದೆ. ಆ ಮಸಿ ಗ್ರಾಫೈಟ್. ಅದು ಯಾವ ಆಳದಲ್ಲಿ ಕಾಣಿಸಿತು ಎಂಬುದನ್ನು ಪ್ರತಿ ರೋಲಿಗೂ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವಂತೆ ನಿಮ್ಮ ಟರ್ನರಿಗೆ ಹೇಳಿ. ಯಾವ ಸರ್ಟಿಫಿಕೇಟಿಗಿಂತಲೂ ಅದು ನಂಬಿಕೆಗೆ ಯೋಗ್ಯವಾದ ದಾಖಲೆ.

ಫಿನಿಶಿಂಗ್ ರೋಲಿನ ನಾಚ್ ಅಂಚು ಉದುರುವುದಕ್ಕೂ ಕಾರ್ಬೈಡೇ ಕಾರಣ. ಗ್ರೂವ್ ತೆಳುವಾದ್ದರಿಂದ ಅಲ್ಲಿ ನೀವು ಬಿಳಿ ಪದರದಲ್ಲಿಯೇ ನಾಚ್ ಕೊರೆಯುತ್ತಿದ್ದೀರಿ, ಕಾರ್ಬೈಡ್ ಜಾಲದ ಗುಂಟ ಅಂಚು ಚಕ್ಕೆಯಾಗಿ ಏಳುತ್ತದೆ. ಅಸಿಕ್ಯುಲರ್‌ನಲ್ಲಿ ಗಡಸುತನ ಬರುವುದು ಬಹುಪಾಲು ನಿಕ್ಕಲ್ ಮತ್ತು ಮಾಲಿಬ್ಡಿನಂ ಸೇರಿಸಿ ಪಡೆದ ಸೂಜಿಯಾಕಾರದ ರಚನೆಯಿಂದ, ಕಾರ್ಬೈಡಿನಿಂದ ಅಲ್ಲ. ಅದೇ ಶೋರ್ ಇದ್ದರೂ ಕಟ್ಟರ್ ಶುದ್ಧವಾಗಿ ಕೊರೆಯುತ್ತದೆ, ಅಂಚು ನಿಲ್ಲುತ್ತದೆ. ನಾಚ್ ಸವೆದರೆ ರಿಬ್ಬಿನ ಎತ್ತರ ತಗ್ಗುತ್ತದೆ, ಗ್ರೂವ್ ಸವೆದರೆ ಸರಳಿನ ತೂಕ ಏರುತ್ತದೆ. ಭಾರತೀಯ ಮಾನಕ ಐಎಸ್ 1786ರ ಪ್ರಕಾರ 12 ಮಿ.ಮೀ. ಸರಳಿನ ಮೀಟರ್ ತೂಕ 0.888 ಕೆ.ಜಿ., ಬ್ಯಾಚಿಗೆ ಶೇ. 5 ಹೆಚ್ಚುಕಡಿಮೆಯಷ್ಟೇ ಅನುಮತಿ. ಹಾಗಾಗಿ ಗ್ರೂವ್ ಬದಲಾಯಿಸುವ ಸಮಯವನ್ನು ತಕ್ಕಡಿ ನೋಡಿ ನಿರ್ಧರಿಸಬೇಕು.

ಒಂದು ವಿನಂತಿ. ಯಾವ ರೋಲ್ ತಂದರೂ ನೀರಿನ ಕಡೆ ಗಮನ ಕೊಡದಿದ್ದರೆ ಹಣ ವ್ಯರ್ಥ. ನೀರು ಬೀಳಬೇಕಾದದ್ದು ಸರಳು ಹೊರಬರುವ ಕಡೆಯಲ್ಲಿ, ಗ್ರೂವಿನ ಒಳಗೇ, ಆದಷ್ಟು ಹತ್ತಿರದಿಂದ. ಬ್ಯಾರೆಲ್ಲಿನ ಮೇಲೆ ಪೈಪಿನಿಂದ ಸುರಿದುಬಿಟ್ಟರೆ ಗ್ರೂವಿನ ತಳ ಒಣಗಿಯೇ ಇರುತ್ತದೆ. ಬಿಲ್ಲೆಟ್ ರೋಲುಗಳ ನಡುವೆ ಸಿಕ್ಕಿಕೊಂಡು ನಿಂತಾಗ ಮಾತ್ರ ಕೂಡಲೇ ನೀರು ನಿಲ್ಲಿಸಿ. ಕಾದ ಒಂದು ಜಾಗದ ಮೇಲೆ ತಣ್ಣೀರು ಬೀಳುತ್ತಲೇ ಇದ್ದರೆ ಅಲ್ಲಿಯೇ ಬಿರುಕು ಬಿಡುತ್ತದೆ. ಆ ಗ್ರೂವನ್ನು ಪರೀಕ್ಷಿಸದೆ ಮತ್ತೆ ಓಡಿಸಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಂದೇ ಸಲಕ್ಕೆ ಎಲ್ಲ ರೋಲುಗಳನ್ನು ಬದಲಿಸಲು ಮಾಲೀಕರು ಒಪ್ಪುವುದಿಲ್ಲ. ಯಾವ ಸ್ಟ್ಯಾಂಡಿನಿಂದ ಆರಂಭಿಸಬೇಕು? ಎಸ್‌.ಜಿ. ರೋಲ್ ಎಂದು ಆರ್ಡರ್ ಕೊಟ್ಟ ಮೇಲೆ ಬಂದಿರುವುದು ನಿಜವಾಗಿಯೂ ಎಸ್‌.ಜಿ. ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಉತ್ತರ (ಫೌಂಡ್ರಿ ಎಂಜಿನಿಯರ್, ಬೆಳಗಾವಿ)

ರಫಿಂಗ್‌ನಿಂದ ಆರಂಭಿಸಿ. ಫಿನಿಶಿಂಗ್‌ನಲ್ಲಿ ನಾಚ್ ಉದುರಿದರೆ ಒಂದು ಗ್ರೂವ್ ಹೋಗುತ್ತದೆ; ರಫಿಂಗ್‌ನಲ್ಲಿ ರೋಲ್ ಮುರಿದರೆ ಇಡೀ ಮಿಲ್ ನಿಲ್ಲುತ್ತದೆ, ಮುರಿದ ತುಂಡಿನ ಬಳಿ ನಿಂತ ಕೆಲಸಗಾರರ ಜೀವದ ಪ್ರಶ್ನೆಯೂ ಇದೆ. ಹೊಸ ರೋಲ್ ಬರುವವರೆಗೆ ಮೊದಲ ಪಾಸಿನ ಡ್ರಾಫ್ಟ್ ಇಳಿಸಿ, ಗ್ರೂವಿನ ಮೂಲೆಗಳ ತ್ರಿಜ್ಯವನ್ನು ಪಾಸ್ ಡಿಸೈನ್ ಬಿಟ್ಟುಕೊಡುವಷ್ಟು ದೊಡ್ಡದು ಮಾಡಿಸಿ.

ಎಸ್‌.ಜಿ. ಬೀಡಿನ ಗುಟ್ಟಿರುವುದು ಮೆಗ್ನೀಸಿಯಂನಲ್ಲಿ. ಅಮೆರಿಕದ ಕೀತ್ ಮಿಲ್ಲಿಸ್ 1943ರಲ್ಲಿ ಕರಗಿದ ಬೀಡಿಗೆ ಮೆಗ್ನೀಸಿಯಂ ಸೇರಿಸಿದಾಗ ಗ್ರಾಫೈಟ್ ಹಾಳೆಯಾಗದೆ ಗೋಲಿಯಾಗಿ ಕಟ್ಟಿಕೊಂಡಿತು. ಗೋಲಿಗೆ ಮೊನೆಯಿಲ್ಲದ್ದರಿಂದ ಬಿರುಕಿಗೆ ದಾರಿ ಸಿಗುವುದಿಲ್ಲ, ರೋಲಿನ ಬಲ ಎಷ್ಟೋ ಪಟ್ಟು ಏರುತ್ತದೆ. ಆದರೆ ಸೇರಿಸಿದ ಮೆಗ್ನೀಸಿಯಂ ಕರಗಿದ ಬೀಡಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ನಿಮಿಷಗಳಲ್ಲಿ ಕುಂದುತ್ತಾ ಹೋಗುತ್ತದೆ. ಎರೆಯುವುದು ತಡವಾದರೆ ಹೆಸರಿಗೆ ಎಸ್‌.ಜಿ. ಆದರೂ ಒಳಗೆ ಮತ್ತೆ ಹಾಳೆಗಳೇ ತುಂಬಿಕೊಳ್ಳುತ್ತವೆ. ನಿಧಾನವಾಗಿ ತಣಿಯುವ ದಪ್ಪ ಭಾಗಗಳಲ್ಲಿ ಗೋಲಿಗಳು ಆಕಾರ ಕೆಡುವ ಭಯ ಹೆಚ್ಚು. ಹಾಗಾಗಿ ಬ್ಯಾರೆಲ್ ಮೇಲ್ಮೈಯ ಶೋರ್ ಅಂಕಿ ನೋಡಿ ತೃಪ್ತರಾಗದೆ, ಉಳಿದ ಮೆಗ್ನೀಸಿಯಂ ಶೇ. 0.04ಕ್ಕಿಂತ ಕಡಿಮೆ ಇರಬಾರದೆಂದೂ, ನೆಕ್ (ಬೇರಿಂಗಿನಲ್ಲಿ ಕೂರುವ ರೋಲಿನ ತುದಿ) ಭಾಗದ ಮೈಕ್ರೋಸ್ಕೋಪ್ ಚಿತ್ರ ಮತ್ತು ಅದೇ ಭಾಗದಿಂದ ತೆಗೆದ ಮಾದರಿಯ ಎಳೆತದ ಬಲದ ವರದಿ ಕೊಡಬೇಕೆಂದೂ ಆರ್ಡರಿನಲ್ಲಿಯೇ ಬರೆಯಿರಿ. ಗ್ರೂವಿನ ಆಳವನ್ನು ನಮೂದಿಸಿ, ಆ ಆಳದಲ್ಲಿ ಎಷ್ಟು ಗಡಸುತನ ಬೇಕೆಂಬುದನ್ನೂ ಸೇರಿಸಿ. ಅಸಿಕ್ಯುಲರ್ ರೋಲಾದರೆ ಒಳ ಒತ್ತಡ ಇಳಿಸಲು ಟೆಂಪರ್ ಮಾಡಿದ (ಹದವಾಗಿ ಮತ್ತೆ ಕಾಯಿಸಿದ) ಚಾರ್ಟ್ ಕೂಡ ಬೇಕು.

ಉತ್ತರ (ರೋಲ್ ಟರ್ನರ್, ಹೊಸಪೇಟೆ)

ಇದರ ಜೊತೆಗೆ ಲೆಕ್ಕದ ವಿಷಯವನ್ನೂ ಮಾಲೀಕರ ಮುಂದಿಡಿ. ರೋಲಿನ ಬೆಲೆಯನ್ನು ಕಿಲೋಗೆ ಇಷ್ಟು ಎಂದು ಹೋಲಿಸುವುದರಿಂದಲೇ ಚಿಲ್ಡ್ ರೋಲ್ ಅಗ್ಗವಾಗಿ ಕಾಣುತ್ತದೆ. ಪ್ರತಿ ಗ್ರೂವಿನಿಂದ ಎಷ್ಟು ಟನ್ ಹೊರಬಂತು, ಮತ್ತೆ ಟರ್ನ್ ಮಾಡುವಾಗ ಬಿರುಕು ಪೂರ್ತಿ ಹೋಗುವವರೆಗೆ ವ್ಯಾಸದಲ್ಲಿ ಎಷ್ಟು ಮಿ.ಮೀ. ತೆಗೆಯಬೇಕಾಯಿತು ಎಂಬ ಎರಡು ಅಂಕಿಗಳನ್ನು ಬರೆದಿಟ್ಟು, ಒಂದು ಮಿ.ಮೀ.ಗೆ ಎಷ್ಟು ಟನ್ ಎಂದು ಭಾಗಿಸಿ ತೋರಿಸಿ. ಫೈರ್ ಕ್ರ್ಯಾಕ್ ಆಳಕ್ಕಿಳಿದ ರೋಲಿನಲ್ಲಿ ಸವೆತ ಅರ್ಧ ಮಿ.ಮೀ. ಇದ್ದರೂ ಲೇತಿನಲ್ಲಿ ಮೂರು ನಾಲ್ಕು ಮಿ.ಮೀ. ತೆಗೆಯಬೇಕಾಗಿ ಬರುತ್ತದೆ. ಹಳೆಯ ಚಿಲ್ಡ್ ರೋಲುಗಳ ಈ ಅಂಕಿಗಳನ್ನು ಈಗಲೇ ಬರೆಯಲು ಶುರುಮಾಡಿದರೆ, ಅಡಮೈಟ್ ರೋಲ್ ಬಂದು ಒಂದು ಟರ್ನಿಂಗ್ ಮುಗಿಯುವ ಹೊತ್ತಿಗೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.