ಹೆಡ್‌ರೂಮ್ ಅಂದ್ರೆ ಯಾವ ರೂಮು?

ಪ್ರಶ್ನೆ: ಊರಿನ ಯಕ್ಷಗಾನ ರೆಕಾರ್ಡ್ ಮಾಡಿದೆ. ಭಾಗವತರ ಪದ್ಯ ಚೆನ್ನಾಗಿ ಬಂದಿದೆ. ಚೆಂಡೆ ಶುರುವಾದ ಕೂಡಲೇ ತಗಡು ಹರಿದ ಹಾಗೆ ಪರಪರ ಸದ್ದು. ‘ಹೆಡ್‌ರೂಮ್ ಬಿಟ್ಟಿಲ್ಲ’ ಅಂತಾನೆ ಗೆಳೆಯ. ಏನದು ಮಾರಾಯ್ರೇ?

ಉತ್ತರ: ಕಿರೀಟ ಕಟ್ಟಿದ ವೇಷಧಾರಿ ಹಳೇ ಮನೆ ಬಾಗಿಲು ದಾಟುವುದನ್ನು ನೆನೆಸಿಕೊಳ್ಳಿ. ಕಿರೀಟಕ್ಕೂ ದಾರಂದಕ್ಕೂ ನಡುವೆ ಉಳಿಯುವ ಜಾಗವೇ ಹೆಡ್‌ರೂಮ್. ಡಿಜಿಟಲ್ ಮೀಟರ್‌ನಲ್ಲಿ 0 ಡೆಸಿಬೆಲ್ಲೇ ದಾರಂದ. ಅದನ್ನು ಮೀರಿದ ಅಲೆಯ ತುದಿ ಚಪ್ಪಟೆಯಾಗಿ ಕತ್ತರಿಸಿ ಹೋಗುತ್ತದೆ, ಅದೇ ಕ್ಲಿಪ್ಪಿಂಗ್. ನೀವು ಭಾಗವತರ ಸ್ವರ ಕೇಳಿ ಗೇನ್ (ಮೈಕಿನ ಸದ್ದನ್ನು ಎಷ್ಟು ಏರಿಸಬೇಕು ಅನ್ನುವ ಮಟ್ಟ) ಇಟ್ಟಿದ್ದೀರಿ, ಅಲ್ವಾ? ನಾನೂ ಮೊದಲ ಸಲ ಹಾಗೇ ಕೆಟ್ಟೆ. ಆಟಕ್ಕೆ ಮುಂಚೆ ಚೆಂಡೆ ಜೋರಾಗಿ ಬಾರಿಸಲು ಹೇಳಿ, ಮೀಟರ್ ಮೈನಸ್ 12ರ ಹತ್ತಿರ ನಿಲ್ಲುವಂತೆ ಗೇನ್ ಇಳಿಸಿ. ನಡುರಾತ್ರಿ ದಾಟಿದ ಮೇಲೆ ಚೆಂಡೆಯವರ ಕೈ ಇನ್ನೂ ಬಿಸಿಯಾಗುತ್ತದೆ, ಅದಕ್ಕೇ ಇಷ್ಟು ಜಾಗ.

ಪ್ರಶ್ನೆ ಕೇಳಿದವರು: ಆಗ ಪದ್ಯ ಸಣ್ಣಗೆ ಕೇಳಲ್ವಾ?

ಉತ್ತರ: ಕೇಳುತ್ತೆ. 24 ಬಿಟ್‌ನಲ್ಲಿ (ಸಣ್ಣ ಸದ್ದನ್ನೂ ಚೆನ್ನಾಗಿ ಹಿಡಿಯುವ ಸೆಟ್ಟಿಂಗ್) ರೆಕಾರ್ಡ್ ಮಾಡಿ, ಆಮೇಲೆ ಏರಿಸಿಕೊಳ್ಳಿ. ಕ್ಲಿಪ್ಪಿಂಗ್‌ನಲ್ಲಿ ತುಂಡಾದ ಚೆಂಡೆಯ ಸದ್ದು ಮಾತ್ರ ಪೂರ್ತಿ ವಾಪಸ್ ಬರಲ್ಲ.

ಇನ್ನೊಬ್ಬರು: ಮೈಕನ್ನೂ ಸ್ವಲ್ಪ ದೂರ ಸರಿಸಿ. ಚೆಂಡೆಗೆ ಮೈಕ್ ಯಾಕೆ, ಪಕ್ಕದ ಊರಿಗೇ ಕೇಳುತ್ತೆ!

ಪ್ರಶ್ನೆ ಕೇಳಿದವರು: ಸರಿ. ಶನಿವಾರ ಇನ್ನೊಂದು ಆಟ ಇದೆ, ನೋಡ್ತೀನಿ.